ಅಲೆಯ ಅಳತೆ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ – ವಿಜಯಪುರ ಜಿಲ್ಲೆಯ ಈ ಊರುಗಳಿಗೆ ಕಡಲು ಬಹುದೂರ. ಆದರೆ ನೀರಿನ ಬಲವು ಇಲ್ಲಿಯ ರೈತನಿಗೆ ಹೊಸದಲ್ಲ. ಮಳೆಯ ನೀರು ಹೊಲದಲ್ಲಿ ನಿಂತಿರುವಾಗ ಒಡ್ಡು ಅದನ್ನು ತಡೆಯುತ್ತದೆ. ಅದೇ ನೀರು ಹರಿಯತೊಡಗಿದರೆ ಒಡ್ಡಿನ ಬುಡವನ್ನೇ ಕೊರೆದೊಯ್ಯುತ್ತದೆ. ನಿಂತ ನೀರು ಬೇರೆ, ನುಗ್ಗುವ ನೀರು ಬೇರೆ.

ನಿಂತ ನೀರಿನ ಒತ್ತಡವನ್ನು ಕಾಗದದ ಮೇಲೆಯೇ ಲೆಕ್ಕ ಹಾಕಬಹುದು. ಹಿಂದೆ ಬಸವನ ಬಾಗೇವಾಡಿ ತಾಲ್ಲೂಕಿಗೆ ಸೇರಿದ್ದ, ಈಗ ನಿಡಗುಂದಿ ತಾಲ್ಲೂಕಿನಲ್ಲಿರುವ ಆಲಮಟ್ಟಿಯಲ್ಲಿ ಕೃಷ್ಣಾ ನದಿಗೆ ಕಟ್ಟಿದ ಅಣೆಕಟ್ಟೆಗೆ 26 ಗೇಟುಗಳಿವೆ. ಒಂದೊಂದರ ಅಗಲ 15 ಮೀಟರು; ಎತ್ತರವೂ ಹೆಚ್ಚುಕಡಿಮೆ ಅಷ್ಟೇ. ನೀರು ಗೇಟಿನ ತುದಿ ಮುಟ್ಟಿದಾಗ ಮೇಲ್ಭಾಗದಲ್ಲಿ ಅದರ ಒತ್ತಡ ಸೊನ್ನೆ. ಬುಡದಲ್ಲಿ ಚದರ ಮೀಟರಿಗೆ 15 ಟನ್ನು. ಸರಾಸರಿ ಏಳೂವರೆ ಟನ್ನು. 225 ಚದರ ಮೀಟರಿಗೆ ಗುಣಿಸಿದರೆ ಒಂದು ಗೇಟು ತಡೆಯುವ ಭಾರ ಸುಮಾರು 1,700 ಟನ್ನು!

ಸುನಾಮಿಯ ಲೆಕ್ಕ ಇಷ್ಟು ಸರಳವಲ್ಲ. 2004ರ ಡಿಸೆಂಬರ್ 26ರಂದು ಸುಮಾತ್ರಾ ಬಳಿ ಕಡಲತಳ ಕಂಪಿಸಿದಾಗ ಎದ್ದ ಅಲೆಗಳು ನಮ್ಮ ಪೂರ್ವ ಕರಾವಳಿಯನ್ನೂ ಬಡಿದು ಸಾವಿರಾರು ಜನರನ್ನು ಬಲಿ ತೆಗೆದುಕೊಂಡವು. ನುಗ್ಗುವ ನೀರಿನ ವೇಗ ಎರಡರಷ್ಟಾದರೆ ಅದರ ತಳ್ಳುವ ಬಲ ನಾಲ್ಕರಷ್ಟಾಗುತ್ತದೆ. ಅಲೆಯೊಡನೆ ದೋಣಿ, ಮರದ ದಿಮ್ಮಿಗಳು ಬಂದು ಗೋಡೆಗೆ ಅಪ್ಪಳಿಸುತ್ತವೆ. ಅಡಿಪಾಯದ ಮಣ್ಣು ಕೊಚ್ಚಿಹೋಗುತ್ತದೆ.

ಆದುದರಿಂದ ವಿಜ್ಞಾನಿಗಳು ಕಟ್ಟಡದ ಚಿಕ್ಕ ಮಾದರಿಯನ್ನು ಮಾಡಿ, ಉದ್ದನೆಯ ತೊಟ್ಟಿಯಲ್ಲಿಟ್ಟು ಅಲೆಗೊಡ್ಡುತ್ತಾರೆ. ತಡೆದು ನಿಲ್ಲಿಸಿದ ನೀರನ್ನು ಗೇಟೆತ್ತಿ ಒಮ್ಮೆಲೇ ಬಿಟ್ಟರೆ, ಅದು ಸುನಾಮಿಯಂತೆಯೇ ಗೋಡೆಗಟ್ಟಿ ನುಗ್ಗುತ್ತದೆ. ಮಾದರಿಗೆ ತಗಲಿದ ಬಲವನ್ನು ಉಪಕರಣಗಳು ಅಳೆಯುತ್ತವೆ. ಪುಣೆಯಲ್ಲಿ 1916ರಲ್ಲಿ ಆರಂಭವಾದ ಕೇಂದ್ರ ಜಲ ಮತ್ತು ವಿದ್ಯುತ್ ಸಂಶೋಧನಾ ಕೇಂದ್ರವು ಅಣೆಕಟ್ಟೆ, ಬಂದರುಗಳ ಮಾದರಿಗಳನ್ನು ಪರೀಕ್ಷಿಸುತ್ತ ಬಂದಿದೆ. ನಮ್ಮ ಸುರತ್ಕಲ್ಲಿನ ರಾಷ್ಟ್ರೀಯ ತಾಂತ್ರಿಕ ವಿದ್ಯಾಸಂಸ್ಥೆಯಲ್ಲಿಯೂ ಅಲೆಗಳ ಅಭ್ಯಾಸಕ್ಕೆಂದು ಇಂಥ ತೊಟ್ಟಿಯಿದೆ.

ಕಿರಿದಾದ ಮಾದರಿ ಹಿರಿದಾದ ಸತ್ಯವನ್ನು ಹೇಳುವುದು ಹೇಗೆ? ಇದಕ್ಕೆ 19ನೆಯ ಶತಮಾನದಲ್ಲಿ ಇಂಗ್ಲೆಂಡಿನ ವಿಲಿಯಂ ಫ್ರೂಡ್ ಹಡಗಿನ ಮಾದರಿಗಳಿಂದ ಕಂಡುಕೊಂಡ ನಿಯಮವೇ ಆಧಾರ. ಮಾದರಿಯು 25 ಪಟ್ಟು ಚಿಕ್ಕದಾದರೆ ನೀರಿನ ವೇಗ 5 ಪಟ್ಟು ಕುಗ್ಗಬೇಕು. ಬಲವಾದರೋ 15,625 ಪಟ್ಟು ಕುಗ್ಗುತ್ತದೆ. ಎಂದರೆ ತೊಟ್ಟಿಯಲ್ಲಿ ಒಂದು ಕಿಲೋಗ್ರಾಮಿನಷ್ಟು ಅಳತೆ ತಪ್ಪಿದರೆ, ಕಡಲತೀರದಲ್ಲಿ 15 ಟನ್ನಿಗೂ ಮಿಕ್ಕಿ ತಪ್ಪುತ್ತದೆ. ಆ ತಪ್ಪಿಗೆ ಬೆಲೆ ತೆರುವವರು ಗೋಡೆಯ ಹಿಂದೆ ಮಲಗಿದ ಜನ.

ಎಷ್ಟು ಎತ್ತರದ ಅಲೆಗೆ ಸಿದ್ಧರಾಗಬೇಕೆಂಬುದನ್ನು ಮಾತ್ರ ತೊಟ್ಟಿ ಹೇಳಲಾರದು. ಅದನ್ನು ಊರಿನ ನೆನಪು ಹೇಳಬೇಕು. ಜಪಾನಿನ ಫುದಾಯ್ ಗ್ರಾಮವು 1896 ಮತ್ತು 1933ರ ಸುನಾಮಿಗಳಲ್ಲಿ ನೂರಾರು ಜನರನ್ನು ಕಳೆದುಕೊಂಡಿತ್ತು. ಅದನ್ನು ಮರೆಯದ ಗ್ರಾಮಾಧ್ಯಕ್ಷ ಕೊತೊಕು ವಮುರಾ ಹದಿನೈದೂವರೆ ಮೀಟರು ಎತ್ತರದ ಗೇಟು ಕಟ್ಟಿಸಲು ಹಟ ಹಿಡಿದರು. ಇಷ್ಟೆತ್ತರವೇಕೆ, ದುಂದುವೆಚ್ಚವೆಂದು ಹಲವರು ಆಡಿಕೊಂಡರು. 1984ರಲ್ಲಿ ಅದು ಪೂರ್ಣಗೊಂಡಿತು. 1997ರಲ್ಲಿ ವಮುರಾ ತೀರಿಕೊಂಡರು. 2011ರ ಮಾರ್ಚ್ 11ರಂದು ಬಂದ ಅಲೆ ಆ ಗೇಟನ್ನೂ ಮೀರಿ ಚಿಮ್ಮಿತು. ಆದರೆ ಗೇಟು ಕದಲಲಿಲ್ಲ, ಹಿಂದಿದ್ದ ಮನೆಗಳು ಉಳಿದವು. ಬದುಕುಳಿದ ಜನ ವಮುರಾ ಅವರ ಸಮಾಧಿಗೆ ಹೋಗಿ ಕೈಮುಗಿದರು.

ಆಲಮಟ್ಟಿಯ ಗೇಟಿಗೂ ಫುದಾಯ್ ಗೇಟಿಗೂ ಎತ್ತರದಲ್ಲಿ ಹೆಚ್ಚು ಅಂತರವಿಲ್ಲ. ಒಂದು ವರುಷವರುಷವೂ ತುಂಬಿದ ಹೊಳೆಯನ್ನು ತಡೆಯುತ್ತದೆ. ಇನ್ನೊಂದು ತನ್ನ ಅಲೆಗಾಗಿ 27 ವರ್ಷ ಕಾದಿತ್ತು.