ಯಾರೂ ಹಾಡದ ರಾಗ

ಚರಣ್‌ಜೀತ್ ಸಿಂಗ್ ಅವರ ಆಲ್ಬಮ್ಮಿನ ಹೆಸರೇ ನಗು ತರಿಸುವಂಥದ್ದು: ‘ಸಿಂಥಸೈಸಿಂಗ್: ಟೆನ್ ರಾಗಾಸ್ ಟು ಎ ಡಿಸ್ಕೊ ಬೀಟ್’. ಹತ್ತು ರಾಗಗಳು, ಡಿಸ್ಕೊ ತಾಳಕ್ಕೆ. 1982ರಲ್ಲಿ ನಮ್ಮ ಇದೇ ಮುಂಬೈಯಲ್ಲಿ ತಯಾರಾದದ್ದು. ‘ಡಿಸ್ಕೊ ಡ್ಯಾನ್ಸರ್’ ಸಿನಿಮಾ ಬಂದದ್ದೂ ಅದೇ ವರ್ಷ. ಆ ಸಿನಿಮಾ ಊರೂರನ್ನೇ ಕುಣಿಸಿತು. ಈ ರೆಕಾರ್ಡನ್ನು ಕೇಳಿದವರು ಕಡಿಮೆ.

ಸಿಂಗ್ ಹಿಂದಿ ಸಿನಿಮಾ ಹಾಡುಗಳ ವಾದ್ಯವೃಂದದಲ್ಲಿ ಬಾಸ್ ಗಿಟಾರು, ಸಿಂಥಸೈಸರು ನುಡಿಸಿ ಬದುಕಿದವರು. ಜಪಾನಿನ ರೋಲ್ಯಾಂಡ್ ಕಂಪನಿಯ ಮೂರು ಯಂತ್ರಗಳು ಅವರ ಕೈಗೆ ಬಂದಿದ್ದವು: ಜ್ಯೂಪಿಟರ್-8 ಎಂಬ ಸಿಂಥಸೈಸರು, ಟಿಆರ್-808 ಎಂಬ ಡ್ರಮ್ ಯಂತ್ರ, ಟಿಬಿ-303 ಎಂಬ ಬಾಸ್ ಯಂತ್ರ. ಈ ಕೊನೆಯದು ಒಬ್ಬರೇ ಕೂತು ನುಡಿಸುವವರಿಗೆ ಬಾಸ್ ಗಿಟಾರಿನ ಸಾಥ್ ಕೊಡಲೆಂದು ಮಾಡಿದ್ದು. ಬಾಸ್ ಗಿಟಾರಿನ ಹಾಗೆ ಅದು ಕೇಳಿಸುತ್ತಲೇ ಇರಲಿಲ್ಲ. ಮಾರಾಟವಾಗದೆ 1984ರಲ್ಲಿ ತಯಾರಿಕೆ ನಿಂತಿತು. ಮುಂದೆ ಷಿಕಾಗೋದ ಹುಡುಗರು ಇದೇ ಯಂತ್ರದ ಗುಂಡಿಗಳನ್ನು ತಿರುಗಿಸಿ ‘ಆ್ಯಸಿಡ್ ಹೌಸ್’ ಎಂಬ ಕುಣಿತದ ಸಂಗೀತ ಹುಟ್ಟಿಸಿದರು. ಫ್ಯೂಚರ್ ತಂಡದ ‘ಆ್ಯಸಿಡ್ ಟ್ರ್ಯಾಕ್ಸ್’ ಬಂದದ್ದು 1987ರಲ್ಲಿ. 2010ರಲ್ಲಿ ಡಚ್ ಸಂಗ್ರಾಹಕರೊಬ್ಬರು ಸಿಂಗ್ ಅವರ ರೆಕಾರ್ಡನ್ನು ಮತ್ತೆ ಹೊರತಂದಾಗ ಆ ಸಂಗೀತದವರೆಲ್ಲ ಬೆರಗಾದರು. ಐದು ವರ್ಷ ಮೊದಲೇ ಮುಂಬೈಯಲ್ಲಿ ಇದೇ ಸದ್ದು!

‘ಮೊದಲು ಮಾಡಿದ್ದು ನಾವೇ’ ಎಂಬುದು ನಮ್ಮ ವಾಟ್ಸ್ಯಾಪ್ ಗುಂಪುಗಳಿಗೆ ಬಹಳ ಇಷ್ಟದ ಮಾತು. ನನಗೆ ಅದರಲ್ಲಿ ಅಷ್ಟು ರುಚಿಯಿಲ್ಲ. ಡಿಸ್ಕೊ ಓಡುತ್ತಿದ್ದ ಕಾಲ, ಮನೆಗೆ ಹೊಸ ಯಂತ್ರ ಬಂದಿತ್ತು, ರಾಗ ಗೊತ್ತಿತ್ತು, ನುಡಿಸಿದರು. 2015ರಲ್ಲಿ ತೀರಿಕೊಂಡರು.

ನನಗೆ ಇದರ ಲಿಂಕ್ ಕಳಿಸಿದ್ದು ಆಫೀಸಿನ ಪುಣೆ ಹುಡುಗ. ಮೊದಲ ಸಲ ಕೇಳಿದಾಗ ಹಳೇ ವಿಡಿಯೊ ಗೇಮ್ ನೆನಪಾಯಿತು. ಎರಡನೇ ಸಲವೂ ಅದೇ. ಶುರುವಾಗುವುದು ಬೇರೆ ಭೈರವಿಯಿಂದ. ನಮ್ಮ ಧಾರವಾಡದಲ್ಲಿ ಭೈರವಿ ಬಂತೆಂದರೆ ಕಛೇರಿ ಮುಗಿಯಿತು, ಚಪ್ಪಲಿ ಹುಡುಕಿಕೊಳ್ಳಿ ಎಂದರ್ಥ. ಆದರೂ ಫೋನಿನಿಂದ ಅಳಿಸಲಿಲ್ಲ.

ಅಪ್ಪ ಹೋಗಿ ಆಗ ಎಂಟು ತಿಂಗಳು. ಮಲ್ಲಿಕಾರ್ಜುನ ಮನ್ಸೂರ, ಭೀಮಸೇನ ಜೋಶಿ, ಬಸವರಾಜ ರಾಜಗುರು ಎಲ್ಲರೂ ಅವನ ಕ್ಯಾಸೆಟ್ಟುಗಳಲ್ಲಿ ನಮ್ಮ ಮನೆಯವರೇ ಆಗಿದ್ದರು. ಅಪ್ಪ ಹಾಡುತ್ತಿರಲಿಲ್ಲ, ಕೇಳುತ್ತಿದ್ದ. ಸಮ್ ಬರುವ ಹೊತ್ತಿಗೆ ಗಂಟಲಲ್ಲೇ ಸಣ್ಣಗೆ ‘ಹಾಂ’ ಅನ್ನುತ್ತಿದ್ದ. ಅವನು ಹೋದ ಮೇಲೆ ಮನ್ಸೂರರನ್ನು ಹಾಕಿದರೆ, ಸಮ್ ಬಂದಾಗ ಆ ‘ಹಾಂ’ ಇಲ್ಲದಿರುವುದೇ ಜೋರಾಗಿ ಕೇಳಿಸುತ್ತಿತ್ತು. ಎರಡು ನಿಮಿಷಕ್ಕಿಂತ ಹೆಚ್ಚು ಕೇಳಲು ಆಗುತ್ತಿರಲಿಲ್ಲ.

ಸಿಂಗ್ ಅವರ ರೆಕಾರ್ಡಿನಲ್ಲಿ ಹಾಡುವವರ ದನಿಯಿಲ್ಲ, ಉಸಿರಿಲ್ಲ, ಕೆಮ್ಮಿಲ್ಲ, ತಬಲಾ ಇಲ್ಲ. ಡೊಂಬಿವಲಿಯಿಂದ ಠಾಣೆ, ಅಲ್ಲಿ ಗಾಡಿ ಬದಲಿಸಿ ಐರೋಲಿ. ಬೆಳಗಿನ ನೂಕುನುಗ್ಗಲಿಗೆ ಅಂಥದ್ದೇ ಬೇಕಿತ್ತು. ಮೊದಲ ತಿಂಗಳು ಡ್ರಮ್ಮು ಮಾತ್ರ ಕೇಳಿಸುತ್ತಿತ್ತು. ಆಮೇಲೊಂದು ದಿನ ಅದು ಕಿವಿಯಿಂದ ತಾನಾಗಿಯೇ ಸರಿಯಿತು. ಊರಿಗೆ ಹೊಸದಾಗಿ ಬಂದಾಗ ತಲೆ ತಿನ್ನುವ ಲೋಕಲ್ಲಿನ ಗಡಗಡ ಕೆಲವು ದಿನಕ್ಕೆ ಕೇಳಿಸದಾಗುತ್ತದಲ್ಲ, ಹಾಗೆ. ಅದರ ಅಡಿಯಲ್ಲಿ 303 ರಾಗದ ಕೆಲವೇ ಸ್ವರಗಳನ್ನು ಗಿರಗಿರ ಸುತ್ತಿಸುತ್ತಿತ್ತು. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ವಿದ್ಯೆ ಆ ಯಂತ್ರಕ್ಕೆ ಗೊತ್ತು. ನಮ್ಮ ಮೀಂಡಿನ ಬಡ ತಮ್ಮ ಅನ್ನಿ. ಅದರ ಮೇಲೆ ಕೈಯಿಂದ ನುಡಿಸಿದ ರಾಗ. ಲಲಿತದಲ್ಲಿ ಎರಡೂ ಮಧ್ಯಮಗಳು ಬರುತ್ತವೆ, ಪಂಚಮವೇ ಇಲ್ಲ. ಕಾಲೂರಲು ಜಾಗ ಕೊಡದ ರಾಗ. ಬಾಗಿಲ ಬಳಿ ಒಂಟಿಕಾಲಲ್ಲಿ ನಿಂತವನಿಗೆ ಅದನ್ನು ಬಿಡಿಸಿ ಹೇಳಬೇಕಿರಲಿಲ್ಲ.

ಸುಮಾರು ಐದು ನಿಮಿಷದಲ್ಲಿ ರಾಗ ಅರಳುವುದು ಹೇಗೆ ಎಂದು ಯಾರಾದರೂ ಕೇಳಿದರೆ, ಪ್ರಶ್ನೆ ಸರಿಯಾದದ್ದೇ. ಮಧುವಂತಿ ನನಗೆ ಇವತ್ತಿಗೂ ಸಪ್ಪೆ. ಅದರ ನಯ ಯಂತ್ರಕ್ಕೆ ಒಗ್ಗಿಲ್ಲ. ಮೇಘ ಮಲ್ಹಾರ ಹಿಡಿಸಿದ್ದು ಜುಲೈನಲ್ಲಿ, ಮಳೆಗೆ ಗಾಡಿ ಮುಂಬ್ರಾ ಹತ್ತಿರ ಮುಕ್ಕಾಲು ಗಂಟೆ ನಿಂತಾಗ. ಆ ಅನುಕೂಲ ಎಲ್ಲರಿಗೂ ಸಿಗಲಾರದು.

ದೀಪಾವಳಿಗೆ ಅವ್ವ ಬಂದಿದ್ದಳು. ಅಡುಗೆಮನೆಯಲ್ಲಿ ಮೆಂತೆ ಸೊಪ್ಪು ಸೋಸುತ್ತ ಕೂತಿದ್ದಾಗ ಹೊರಗೆ ಸ್ಪೀಕರಿನಲ್ಲಿ ಒಂಬತ್ತನೆಯದು ಶುರುವಾಯಿತು.

“ಇದು ಮಾಲಕಂಸ ಅಲ್ಲೇನೋ?” ಅಂದಳು.

ಅಪ್ಪನ ಪ್ರೀತಿಯ ರಾಗ. ನಾನು ನಿಲ್ಲಿಸಲು ಎದ್ದೆ.

“ಯಾರು ಹಾಡ್ಲಿಕ್ಕತ್ತಾರ?”

“ಯಾರೂ ಇಲ್ಲವ್ವಾ, ಮಷೀನು.”

ಸ್ವಲ್ಪ ಹೊತ್ತು ಸೊಪ್ಪಿನ ಕಡೆಗೇ ನೋಡುತ್ತಿದ್ದಳು. “ಹಂಗಾರ ಇರಲಿ. ಬಂದ್ ಮಾಡಬ್ಯಾಡ.”

ಸೊಪ್ಪು ಮುಗಿಯುವಷ್ಟರಲ್ಲಿ ಮೂರು ಸಲ ಅದನ್ನೇ ಹಾಕಿಸಿಕೊಂಡಳು. ಡ್ರಮ್ಮು ಜಾಸ್ತಿ ಆತು ಅಂತ ಮೂರು ಸಲವೂ ಹೇಳಿದಳು.

ಊರಿಗೆ ಹೊರಟು ನಿಂತಾಗ ತಾನೇ ಮಾತು ತೆಗೆದಳು: “ಕ್ಯಾಸೆಟ್ಟು ಟ್ರಂಕಿನ್ಯಾಗ ಅವ. ಬೂಷ್ಟು ಹಿಡಿಯೋದ್ರಾಗ ಒಯ್ಯಿ.” ಡಿಸೆಂಬರಿನಲ್ಲಿ ತಂದೆ. ಹಳೇ ಟೇಪ್ ರೆಕಾರ್ಡರಿಗೆ ಬೆಲ್ಟ್ ಹಾಕಿಸುವಷ್ಟರಲ್ಲಿ ಇನ್ನೊಂದು ತಿಂಗಳು ಹೋಯಿತು. ಮನ್ಸೂರರದ್ದು ಈಗ ಒಂದು ಬದಿ ಪೂರ್ತಿ ಕೇಳುತ್ತೇನೆ. ಇನ್ನೊಂದು ಬದಿ ಇನ್ನೂ ಹಾಕಿಲ್ಲ.