ಸೇತುವೆಯ ಸವಕಳಿ

ನಮ್ಮ ಅಬ್ಬಾ ಹತ್ತು ಚಕ್ರದ ಲಾರಿ ಓಡಿಸುತ್ತಾರೆ. ಹುಬ್ಬಳ್ಳಿಯಿಂದ ಅಂಕೋಲಾ, ಕಾರವಾರ, ಗೋವಾ. 2024ರ ಆಗಸ್ಟ್ 7ರ ನಡುರಾತ್ರಿ ಕಾರವಾರದ ಕಾಳಿ ನದಿಯ ಹಳೆಯ ಸೇತುವೆ ಕುಸಿದು ಒಂದು ಲಾರಿ ನೀರಿಗೆ ಬಿತ್ತು. ಪುಣ್ಯಕ್ಕೆ ಅದರ ಚಾಲಕ ಬದುಕಿದರು. ಅಂದಿನಿಂದ ಅಬ್ಬಾ ಹೊರಡುವಾಗಲೆಲ್ಲ ಅಮ್ಮಿ ಕೇಳುವುದು ಒಂದೇ, "ಕೌನ್ಸಾ ಪುಲ್?"

ಆ ಸೇತುವೆ ಏಕೆ ಬಿತ್ತೆಂದು ಹೇಳುವುದು ಇಂಜಿನಿಯರುಗಳ ಕೆಲಸ. ನಾನು ಕಾಮರ್ಸ್ ವಿದ್ಯಾರ್ಥಿ. ನನ್ನ ತಲೆಯಲ್ಲಿ ಓಡಿದ್ದು ನಾವು ಲೆಕ್ಕಶಾಸ್ತ್ರದಲ್ಲಿ ಕಲಿತ ಸವಕಳಿ. ಯಂತ್ರಕ್ಕೆ ವರ್ಷಕ್ಕೆ ಇಷ್ಟು ಎಂದು ಸಮನಾಗಿ ಕಳೆಯುತ್ತೇವೆ. ಸೇತುವೆ ಹಾಗೆ ಸವೆಯುವುದಿಲ್ಲ. ಮಳೆ, ಉಪ್ಪುಗಾಳಿಯ ಜೊತೆಗೆ ಅದರ ಮೇಲೆ ಎಷ್ಟು ಲಾರಿ, ಎಷ್ಟು ಭಾರದಲ್ಲಿ ಓಡಿದವು ಎಂಬುದೂ ಲೆಕ್ಕಕ್ಕೆ ಬರುತ್ತದೆ.

ನಿಂತ ಲಾರಿಯ ತೂಕವೇ ಬೇರೆ, ಓಡುವ ಲಾರಿಯದೇ ಬೇರೆ. ಚಕ್ರ ಜಿಗಿದು ಬಿದ್ದಾಗ ತೂಕಕ್ಕೆ ಕುಲುಕಾಟವೂ ಸೇರುತ್ತದೆ. ಮನೆಯಲ್ಲಿ ನಾವು ಇದನ್ನು ಝಟ್ಕಾ ಅನ್ನುತ್ತೇವೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ನಿಯಮದಲ್ಲಿ ಇದಕ್ಕೊಂದು ಸೂತ್ರವೇ ಇದೆ. ಕ್ಲಾಸ್ ಎ ಎಂಬ ಭಾರಕ್ಕೆ, ಕಾಂಕ್ರೀಟ್ ಸೇತುವೆಯಾದರೆ, ಕಂಬದಿಂದ ಕಂಬಕ್ಕಿರುವ ಅಂತರಕ್ಕೆ 6 ಮೀಟರ್ ಕೂಡಿಸಿ, 4.5ನ್ನು ಅದರಿಂದ ಭಾಗಿಸಬೇಕು. ಅಂತರ 9 ಮೀಟರ್ ಇದ್ದರೆ ಶೇಕಡಾ 30 ಹೆಚ್ಚುವರಿ. 39 ಮೀಟರ್ ಇದ್ದರೆ ಶೇಕಡಾ 10 ಮಾತ್ರ. ಅಂದರೆ ಹಳ್ಳದ ಸಣ್ಣ ಸೇತುವೆಗೇ ಝಟ್ಕಾ ಜಾಸ್ತಿ! ಉದ್ದದ ಸೇತುವೆಗೆ ಬೇರೆ ಚಿಂತೆ. ಜಾಮ್ ಆಗಿ ಲಾರಿಗಳು ಒಂದರ ಹಿಂದೊಂದು ಅಂಟಿ ನಿಂತರೆ ಝಟ್ಕಾ ಇಲ್ಲದಿದ್ದರೂ ಒಟ್ಟು ಭಾರ ಏರುತ್ತದೆ. ಅಬ್ಬಾ ಈ ಸೂತ್ರ ಓದಿಲ್ಲ. ಆದರೂ ಸೇತುವೆ ಬಂದರೆ ಗೇರ್ ಇಳಿಸುತ್ತಾರೆ, ಮುಂದಿನ ಲಾರಿಗೆ ಜಾಗ ಬಿಡುತ್ತಾರೆ. ಹಿಂದಿನವರು ಹಾರ್ನ್ ಹೊಡೆಯುತ್ತಲೇ ಇರುತ್ತಾರೆ.

ಉಕ್ಕಿನ ಸೇತುವೆಯ ಬೆಸುಗೆಗಳಲ್ಲಿ ಲೆಕ್ಕ ಇನ್ನೂ ಕಠಿಣ. ಅಲ್ಲಿ ಒತ್ತಡ ಎರಡು ಪಟ್ಟಾದರೆ ಸವಕಳಿ ಸುಮಾರು ಎಂಟು ಪಟ್ಟು. ಕಾಲು ಭಾಗ ಹೆಚ್ಚಾದರೆ ಹೆಚ್ಚುಕಡಿಮೆ ಎರಡು ಪಟ್ಟು. ಬಾಡಿಗೆ ಸಿಗುವುದು ಮಾತ್ರ ಟನ್ ಲೆಕ್ಕದಲ್ಲಿ. ಆದ್ದರಿಂದಲೇ ಅಬ್ಬಾಗೆ "ಇನ್ನೆರಡು ಟನ್ ಹಾಕಿಕೋ" ಎಂಬ ಮಾತು ಬರುತ್ತದೆ. ಅಬ್ಬಾಗೆ ಟ್ರಿಪ್ಪಿನ ಸಂಬಳ ಅಷ್ಟೇ, ಆ ಎರಡು ಟನ್ನಿನ ಹಣ ಅವರಿಗೆ ಬರುವುದಿಲ್ಲ.

2018ರಲ್ಲಿ ಕೇಂದ್ರ ಸರ್ಕಾರ ಹತ್ತು ಚಕ್ರದ ಲಾರಿಯ ಒಟ್ಟು ತೂಕದ ಮಿತಿಯನ್ನು 25 ಟನ್‌ನಿಂದ 28.5ಕ್ಕೆ ಏರಿಸಿತು. ಹಳೆಯ ಸೇತುವೆಗಳು ಇದ್ದ ಹಾಗೇ ಇದ್ದವು. ಮಿತಿ ಮೀರಿದರೆ 2019ರ ತಿದ್ದುಪಡಿ ಕಾಯ್ದೆಯ ಪ್ರಕಾರ 20,000 ರೂಪಾಯಿ ದಂಡ, ಜೊತೆಗೆ ಪ್ರತಿ ಹೆಚ್ಚುವರಿ ಟನ್ನಿಗೆ 2,000. ಹತ್ತನೇ ಟನ್ನಿಗೂ ಮೊದಲ ಟನ್ನಿನದೇ ದರ. ಸವಕಳಿ ಮಾತ್ರ ಹಾಗೆ ಏರುವುದಿಲ್ಲ. ದರವೂ ಏರುತ್ತಾ ಹೋಗಬೇಕು ಎಂಬುದು ನನ್ನ ಅಭಿಪ್ರಾಯ. ಕಾಯ್ದೆ ಲಾರಿ ಓಡಿಸಿದವನನ್ನೂ ಹಿಡಿಯುತ್ತದೆ, ಓಡಿಸಲು ಬಿಟ್ಟವನನ್ನೂ ಹಿಡಿಯುತ್ತದೆ. ಆದರೆ ರಾತ್ರಿ ಎರಡು ಗಂಟೆಗೆ ರಸ್ತೆಯಲ್ಲಿ ತಡೆದಾಗ ಕೈಗೆ ಸಿಗುವುದು ಡ್ರೈವರ್ ಒಬ್ಬರೇ.