ಫ್ಯೂಸು ಸುಮ್ಮನೆ ಹೋಗುವುದಿಲ್ಲ

ಗಾಜಿನದೊಂದು ಪುಟ್ಟ ಕೊಳವೆ. ಉದ್ದ 20 ಮಿಲಿಮೀಟರು, ಅಡ್ಡಳತೆ 5 ಮಿಲಿಮೀಟರು. ಎರಡೂ ತುದಿಗೆ ಲೋಹದ ಟೊಪ್ಪಿ, ನಡುವೆ ಕೂದಲೆಳೆಯಂಥ ತಂತಿ. ಇದೇ ಫ್ಯೂಸು. ಸಾವಿರಾರು ರೂಪಾಯಿಯ ಯಂತ್ರವನ್ನು ಉಳಿಸಲು ತಾನು ಕರಗಿಹೋಗುವುದಷ್ಟೇ ಇದರ ಉದ್ಯೋಗ. ಕರಗಿದ್ದನ್ನು ತೆಗೆದು ಹೊಸದನ್ನು ಹಾಕಲು ಅರ್ಧ ನಿಮಿಷ ಸಾಕು. ಏಕೆ ಕರಗಿತೆಂದು ತಿಳಿಯಲು ಕೆಲವೊಮ್ಮೆ ಇಡೀ ದಿನ ಬೇಕು. ಈ ಅರ್ಧ ನಿಮಿಷಕ್ಕೂ ಆ ಇಡೀ ದಿನಕ್ಕೂ ಇರುವ ಅಂತರವನ್ನು ಡಿಪ್ಲೊಮಾ ಓದುತ್ತಿದ್ದ ಹುಡುಗನೊಬ್ಬ 1994ರ ಜೂನ್ ತಿಂಗಳಲ್ಲಿ ಮಲೆನಾಡಿನ ತಾಲ್ಲೂಕು ಕೇಂದ್ರವೊಂದರ ನರ್ಸಿಂಗ್ ಹೋಮಿನಲ್ಲಿ ಕಲಿತ.

ಹುಡುಗ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾದ ಎರಡನೆಯ ವರ್ಷದ ಪರೀಕ್ಷೆಯಲ್ಲಿ ಒಂದು ವಿಷಯದಲ್ಲಿ ನಪಾಸಾಗಿದ್ದ. ಅಪ್ಪ ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುವವರು. ಫಲಿತಾಂಶ ಬಂದ ದಿನ ಅವರು ಮಾಡಿದ್ದು ಎರಡೇ ಕೆಲಸ. ಮನೆಯ ರೇಡಿಯೋವನ್ನು ಎತ್ತಿ ಅಟ್ಟದ ಮೇಲಿಟ್ಟರು. ಮಗ ಮಾರನೆಯ ದಿನದಿಂದ ಬೆಳಗಿನ ನಾಲ್ಕಕ್ಕೆ ಏಳತಕ್ಕದ್ದೆಂದು ಅಪ್ಪಣೆ ಮಾಡಿದರು. 'ಆಗದಿದ್ರೆ ಮಂಡಿಗೆ ಬಾ, ಚೀಲ ಎಣಿಸೋ ಕೆಲಸ ಇದ್ದೇ ಇದೆ' ಎಂಬ ಮಾತೂ ಬಂತು. ಮನೆಯಲ್ಲಿ ಮಾತುಕತೆಯೇ ನಿಂತುಹೋದಾಗ ತಾಯಿ ಮಗನನ್ನು ನಾಲ್ಕು ದಿನದ ಮಟ್ಟಿಗೆ ತನ್ನ ತಮ್ಮನ ಊರಿಗೆ ಕಳುಹಿಸಿದರು.

ಆ ಸೋದರಮಾವ ಆಫೀಸುಗಳ ಟೆಲಿಫೋನ್ ಯಂತ್ರಗಳನ್ನು ರಿಪೇರಿ ಮಾಡುತ್ತಿದ್ದ. ಇಪಿಎಬಿಎಕ್ಸ್ ಎಂಬ ಈ ಯಂತ್ರ ಆಗ ಜಿಲ್ಲೆಯ ಬ್ಯಾಂಕು, ಲಾಡ್ಜು, ಆಸ್ಪತ್ರೆಗಳಿಗೆ ಒಂದೊಂದಾಗಿ ಬರುತ್ತಿದ್ದ ಕಾಲ. ಅದಕ್ಕೊಂದು ಹಿನ್ನೆಲೆಯುಂಟು. 1948ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ದೇಶಕ್ಕೆ ಟೆಲಿಫೋನುಗಳನ್ನು ಮಾಡಿಕೊಟ್ಟಿತು. 1984ರಲ್ಲಿ ಸ್ಥಾಪನೆಯಾದ ಸಿ-ಡಾಟ್ ಸಂಸ್ಥೆ ನಮ್ಮ ಧೂಳು, ಸೆಕೆಗೆ ತಡೆದುಕೊಳ್ಳುವ ಎಲೆಕ್ಟ್ರಾನಿಕ್ ವಿನಿಮಯ ಕೇಂದ್ರವನ್ನು ರೂಪಿಸಿತು. ಅದರ ಮೊದಲ ಗ್ರಾಮೀಣ ಕೇಂದ್ರ 1986ರಲ್ಲಿ ಆರಂಭವಾದದ್ದು ನಮ್ಮ ಕಿತ್ತೂರಿನಲ್ಲೇ. ಇದೇ ಸಂಸ್ಥೆಯಿಂದ ತಂತ್ರಜ್ಞಾನ ಪಡೆದು ಅನೇಕ ಕಾರ್ಖಾನೆಗಳು ಆಫೀಸಿನೊಳಗೆ ಬಳಸುವ ಯಂತ್ರಗಳನ್ನೂ ತಯಾರಿಸಿದವು. ಕೆಲಸದ ಮಟ್ಟಿಗೆ ಇಪಿಎಬಿಎಕ್ಸ್ ಎಂದರೆ ಗೋಡೆಗೆ ನೇತುಹಾಕಿದ ಪುಟ್ಟ ವಿನಿಮಯ ಕೇಂದ್ರ. ಹೊರಗಿನಿಂದ ಬರುವ ಒಂದೆರಡು ಲೈನುಗಳನ್ನು ಒಳಗಿನ ಹತ್ತಾರು ಫೋನುಗಳಿಗೆ ಹಂಚುವುದು, ಒಳಗಿನವರು ತಮ್ಮತಮ್ಮಲ್ಲಿ ಮಾತಾಡಲು ದಾರಿ ಮಾಡಿಕೊಡುವುದು ಅದರ ಕೆಲಸ.

ನರ್ಸಿಂಗ್ ಹೋಮಿನಲ್ಲಿದ್ದದ್ದು ಎರಡು ಹೊರ ಲೈನು, ಎಂಟು ಎಕ್ಸ್‌ಟೆನ್ಷನ್‌ಗಳ ಯಂತ್ರ. ಹಿಂದಿನ ರಾತ್ರಿಯ ಗುಡುಗು ಸಿಡಿಲಿಗೆ ಅದು ಮೌನವಾಗಿತ್ತು. ಡಾಕ್ಟರ ಮನೆ ಅದೇ ಕಾಂಪೌಂಡಿನ ಹಿಂಬದಿಗೆ. ಹೆರಿಗೆ ವಾರ್ಡಿನಿಂದ ಅಲ್ಲಿಗೊಂದು ಎಕ್ಸ್‌ಟೆನ್ಷನ್ ಇತ್ತು. ರಾತ್ರಿಯೆಲ್ಲ ಆಯಾ ಮಳೆಯಲ್ಲಿ ನೆನೆಯುತ್ತ ಮೂರು ಸಲ ಓಡಿಹೋಗಿ ಡಾಕ್ಟರನ್ನು ಕರೆಯಬೇಕಾಯಿತಂತೆ. ಅಂದೂ ಇಬ್ಬರು ಬಸುರಿಯರು ದಾಖಲಾಗಿದ್ದರು.

ಮಾವನಿಗೆ ಬ್ಯಾಂಕೊಂದರಲ್ಲಿ ಅರ್ಧ ಮುಗಿದ ಕೆಲಸವಿತ್ತು. 'ನೀನು ಮುಂದೆ ಹೋಗಿ ನೋಡಿರು, ನಾನು ಬರ್ತೇನೆ' ಎಂದು ಹುಡುಗನನ್ನು ಚೀಲ ಕೊಟ್ಟು ಕಳುಹಿಸಿದ. ಹುಡುಗ ನೋಡಿಕೊಂಡು ಇರಲಿಲ್ಲ. ಪ್ಲಗ್ಗು ಕಿತ್ತು, ಮುಚ್ಚಳ ತೆಗೆದು, ಸುಟ್ಟ ಫ್ಯೂಸು ಕಂಡೊಡನೆ ಹೊಸದನ್ನು ಹಾಕಿದ. ಸ್ವಿಚ್ಚು ಒತ್ತಿದ ಕ್ಷಣವೇ ಅದು ಮಿಂಚಿ ಕಪ್ಪಾಯಿತು. ಇನ್ನೊಂದು ಹಾಕಿದ, ಅದಕ್ಕೂ ಅದೇ ಗತಿ. ಚೀಲದಲ್ಲಿ ಉಳಿದದ್ದು ಒಂದೇ ಒಂದು. ಪಕ್ಕದಲ್ಲಿ ನಿಂತಿದ್ದ ಊರಿನ ವೈರಿಂಗ್ ಕೆಲಸದವನು, 'ಅದಕ್ಯಾಕೆ ಅಷ್ಟು ಒದ್ದಾಡ್ತೀಯ? ಒಂದೆಳೆ ತಾಮ್ರದ ತಂತಿ ಸುತ್ತು, ಮತ್ತೆ ಹೋಗೋದೇ ಇಲ್ಲ' ಎಂದು ವೈರಿನಿಂದ ಎಳೆಯೊಂದನ್ನು ಬಿಡಿಸಿಯೂ ಕೊಟ್ಟ. ಹುಡುಗ ಅದನ್ನು ಸುತ್ತುತ್ತಿದ್ದಾಗ ಮಾವ ಬಾಗಿಲಲ್ಲಿ ಕಾಣಿಸಿಕೊಂಡ.

ಮಾವ ಬೈಯಲಿಲ್ಲ. ಆ ಎಳೆಯನ್ನು ಬಿಚ್ಚಿ ಜೇಬಿಗೆ ಹಾಕಿಕೊಂಡು, 'ಈ ಫ್ಯೂಸಿನ ಮೇಲೆ ಏನು ಬರೆದಿದೆ ಓದು' ಎಂದ. 500 ಮಿಲಿ ಆಂಪಿಯರ್, ಅಂದರೆ ಅರ್ಧ ಆಂಪಿಯರ್. ಅಂಥ ತಾಮ್ರದ ಒಂದೆಳೆ ಕರಗಬೇಕಾದರೆ ಅದರ ಹತ್ತು ಪಟ್ಟಿಗೂ ಹೆಚ್ಚು ವಿದ್ಯುತ್ತು ಹರಿಯಬೇಕು. ಅಷ್ಟು ಹರಿಯುವ ಹೊತ್ತಿಗೆ ಒಳಗಿನ ಟ್ರಾನ್ಸ್‌ಫಾರ್ಮರ್ ಸುಟ್ಟು ಗೋಡೆಯೂ ಕಪ್ಪಾಗಿರುತ್ತದೆ. 'ಫ್ಯೂಸು ಹೋಗೋದೇ ಇಲ್ಲ ಅನ್ನೋದು ನಿಜ ಮಾರಾಯ. ಮಿಷನ್ನು ಹೋಗ್ತದೆ' ಎಂದ.

ಆಮೇಲೆ ಸುಟ್ಟ ಫ್ಯೂಸುಗಳನ್ನು ಬೆಳಕಿಗೆ ಹಿಡಿದು ತೋರಿಸಿದ. ಗಾಜು ತಿಳಿಯಾಗಿದ್ದು ತಂತಿ ಮಾತ್ರ ನಡುವೆ ತುಂಡಾಗಿದ್ದರೆ, ಹೊರೆ ಸ್ವಲ್ಪ ಹೆಚ್ಚಾಗಿ ಅದು ನಿಧಾನವಾಗಿ ಸೋತಿದೆ ಎಂದರ್ಥ. ಗಾಜಿನ ಒಳಮೈ ಕಪ್ಪಾಗಿಯೋ ಕನ್ನಡಿಯಂತೆಯೋ ಆಗಿದ್ದರೆ ಒಮ್ಮೆಗೇ ಪ್ರವಾಹ ನುಗ್ಗಿದೆ. ಒಳಗೆಲ್ಲೋ ಶಾರ್ಟ್ ಆಗಿದೆ. ಇಲ್ಲಿ ಮೂರೂ ಕಪ್ಪು. ಮೊದಲನೆಯದೇ ವಿಷಯ ಹೇಳಿತ್ತು. ಕೇಳಿಸಿಕೊಳ್ಳದ್ದರಿಂದ ಇನ್ನೆರಡು ಸತ್ತವು.

ಮಾವ ಯಂತ್ರಕ್ಕೆ ಕೈ ಹಚ್ಚುವ ಮೊದಲು ನರ್ಸಿನ ಬಳಿ ಹೋದ. 'ಸಿಸ್ಟರ್, ಯಾವಾಗಿನಿಂದ ಹೀಗೆ? ಅದಕ್ಕೆ ಮುಂಚೆ ಇಲ್ಲಿ ಏನಾದರೂ ಬದಲಾಯಿತಾ?' ಆಕೆ ಏನೂ ಇಲ್ಲವೆಂದರು. ಸ್ವಲ್ಪ ತಡೆದು, 'ಹೋದ ತಿಂಗಳು ಹಿಂದೆ ಹೊಸ ಬಚ್ಚಲುಮನೆ ಕಟ್ಟಿಸಿದ್ದು ಬಿಟ್ಟರೆ' ಎಂದು ಸೇರಿಸಿದರು. ಮಾವ ತಲೆಯಾಡಿಸಿದ. ಹುಡುಗನಿಗೆ ಬಚ್ಚಲುಮನೆಗೂ ಟೆಲಿಫೋನಿಗೂ ಏನು ಸಂಬಂಧವೆಂದು ತಿಳಿಯಲಿಲ್ಲ.

ಉಳಿದಿದ್ದ ಒಂದು ಫ್ಯೂಸನ್ನು ಮಾವ ಮುಟ್ಟಲಿಲ್ಲ. ಅದರ ಜಾಗದಲ್ಲಿ ಸರಣಿಯಾಗಿ 100 ವಾಟಿನ ಬಲ್ಬೊಂದನ್ನು ಜೋಡಿಸಿದ. ಒಳಗೆ ಶಾರ್ಟ್ ಇದ್ದರೆ ಬಲ್ಬು ಪೂರ್ತಿ ಉರಿಯುತ್ತದೆ, ಇಲ್ಲದಿದ್ದರೆ ಮಂಕಾಗಿರುತ್ತದೆ. ಪ್ರವಾಹ ಬಲ್ಬಿನ ಮಿತಿಯನ್ನು ಮೀರುವಂತಿಲ್ಲವಾದ್ದರಿಂದ ಯಂತ್ರ ಮತ್ತಷ್ಟು ಸುಡುವ ಭಯವಿಲ್ಲ. 230 ವೋಲ್ಟಿನ ಜೊತೆಗಿನ ಈ ಪರೀಕ್ಷೆ ತಿಳಿದವರ ಕೈಯಲ್ಲೇ ಇರಬೇಕು. ಓದುವ ಮಕ್ಕಳು ಮನೆಯಲ್ಲಿ ಮಾಡಿ ನೋಡತಕ್ಕದ್ದಲ್ಲ. ಬಲ್ಬು ಪ್ರಕಾಶವಾಗಿ ಉರಿಯಿತು. ಪ್ಲಗ್ಗು ಕಿತ್ತು ಟ್ರಾನ್ಸ್‌ಫಾರ್ಮರನ್ನು ಬೇರ್ಪಡಿಸಿ ಮತ್ತೆ ಕೊಟ್ಟಾಗಲೂ ಹಾಗೇ ಉರಿಯಿತು. ಎಂದರೆ ದೋಷ ಟ್ರಾನ್ಸ್‌ಫಾರ್ಮರಿಗಿಂತ ಈಚೆಗೇ ಇದೆ. ಈಚೆಗಿದ್ದದ್ದು ಒಂದೇ ಬಿಡಿಭಾಗ: ನಾಣ್ಯದಂತೆ ದುಂಡಗಿದ್ದ, ಅಂಚಿನಲ್ಲಿ ಸೀಳಿ ಕಪ್ಪಾಗಿದ್ದ ವೇರಿಸ್ಟರ್.

ವೇರಿಸ್ಟರಿನ ಗುಣ ವಿಚಿತ್ರ. ವೋಲ್ಟೇಜು ಮಿತಿಯಲ್ಲಿರುವಾಗ ಅದು ಇದ್ದೂ ಇಲ್ಲದಂತೆ. ಮಿತಿ ಮೀರಿದೊಡನೆ ತಾನೇ ದಾರಿಯಾಗಿ ಆಘಾತವನ್ನು ತನ್ನ ಮೂಲಕ ಹರಿಸಿ ಯಂತ್ರವನ್ನು ಉಳಿಸುತ್ತದೆ. ಪೆಟ್ಟು ತಿಂದು ತಿಂದು ಕೊನೆಗೊಮ್ಮೆ ತಾನೇ ಶಾರ್ಟ್ ಆಗಿ ಸಾಯುತ್ತದೆ. ಅದನ್ನು ಬೆಸುಗೆ ಬಿಡಿಸಿ ತೆಗೆದಾಗ ಬಲ್ಬು ಮಂಕಾಯಿತು.

'ಸಿಕ್ಕಿತಲ್ಲ ಮಾವ, ಮುಗೀತು' ಎಂದ ಹುಡುಗ. 'ಫ್ಯೂಸು ಯಾಕೆ ಹೋಯ್ತು ಅಂತ ಗೊತ್ತಾಯ್ತು. ಇದು ಯಾಕೆ ಹೋಯ್ತು?' ಎಂದ ಮಾವ. ಸಿಡಿಲಿಗೆ ಹೋಯಿತೆನ್ನುವುದು ಸುಲಭದ ಉತ್ತರ. ಆದರೆ ಮಲೆನಾಡಿನಲ್ಲಿ ಸಿಡಿಲು ಪ್ರತಿ ವರ್ಷ ಬರುತ್ತದೆ. ಈ ಯಂತ್ರ ಮೂರು ಮಳೆಗಾಲಗಳನ್ನು ಕಂಡಿತ್ತು. ಟೆಲಿಫೋನ್ ಲೈನಿನಲ್ಲಿ ಬರುವ ಸಿಡಿಲಿನ ಆಘಾತವನ್ನು ನೆಲಕ್ಕೆ ಇಳಿಸಲು ಯಂತ್ರದಿಂದ ಹಸಿರು ತಂತಿಯೊಂದು ಹೊರಗಿನ ಅರ್ಥಿಂಗ್ ಗುಂಡಿಗೆ ಹೋಗಿರುತ್ತದೆ. ಮಾವ ಆ ತಂತಿಯ ಜಾಡು ಹಿಡಿದು ಹೊರಟ. ಹೊಸ ಬಚ್ಚಲುಮನೆಯ ಗೋಡೆಯ ಬುಡದಲ್ಲಿ ಅದು ತುಂಡಾಗಿತ್ತು. ಪಾಯ ಅಗೆಯುವಾಗ ಕಡಿದುಹೋದದ್ದನ್ನು ಯಾರೂ ಗಮನಿಸಿರಲಿಲ್ಲ. ನೆಲಕ್ಕೆ ಇಳಿಯಲು ದಾರಿ ಸಿಗದ ಆಘಾತ ಯಂತ್ರವನ್ನು ದಾಟಿ ಕರೆಂಟಿನ ತಂತಿಯ ಕಡೆಗೆ ನುಗ್ಗಿತ್ತು.

ಅರ್ಥಿಂಗ್ ಜೋಡಿಸಿ, ಹೊಸ ವೇರಿಸ್ಟರ್ ಹಾಕಿ, ಕೊನೆಯ ಫ್ಯೂಸನ್ನು ಕೂಡಿಸಿದಾಗ ಮಧ್ಯಾಹ್ನ ಎರಡು ಗಂಟೆ. ಏಳು ಫೋನುಗಳಲ್ಲಿ ಡಯಲ್ ಟೋನ್ ಬಂತು. ಹೆರಿಗೆ ವಾರ್ಡಿನದು ಮಾತ್ರ ಸತ್ತೇ ಇತ್ತು.

'ಇದು ನಿನಗೆ' ಎಂದು ಮಾವ ಮೀಟರನ್ನು ಹುಡುಗನ ಕೈಗಿಟ್ಟು ಕುರ್ಚಿಯಲ್ಲಿ ಕುಳಿತ. ಈ ಸಲ ಹುಡುಗ ಅವಸರಪಡಲಿಲ್ಲ. ಮೊದಲು ಪಕ್ಕದ ವಾರ್ಡಿನ ಫೋನನ್ನು ತಂದು ಇಲ್ಲಿಗೆ ಹಾಕಿದ, ಅದೂ ಸತ್ತಿತು. ಎಂದರೆ ಫೋನಿನ ದೋಷವಲ್ಲ. ಯಂತ್ರದ ಬಳಿ ಆ ಲೈನಿನ ವೋಲ್ಟೇಜು ಅಳೆದ. ಅಲ್ಲಿ ರಿಸೀವರ್ ಕೆಳಗಿರುವಾಗ 48 ವೋಲ್ಟ್ ಇರಬೇಕು. ಎತ್ತಿದಾಗ ಹತ್ತಕ್ಕಿಂತ ಕೆಳಗಿಳಿಯಬೇಕು. ಯಾರೂ ಎತ್ತದಿದ್ದರೂ ಏಳು ತೋರಿಸಿತು. ತಂತಿಯನ್ನು ಕಳಚಿದೊಡನೆ 48ಕ್ಕೆ ಏರಿತು. ಯಂತ್ರ ಸರಿಯಿದೆ, ಹೊರಗಿನ ತಂತಿಯಲ್ಲೆಲ್ಲೋ ಎರಡೆಳೆಗಳು ಕೂಡಿಕೊಂಡು, ಯಾರೋ ರಿಸೀವರ್ ಎತ್ತಿ ಹಿಡಿದಿದ್ದಾರೆಂದು ಯಂತ್ರವನ್ನು ನಂಬಿಸುತ್ತಿವೆ.

ಇಡೀ ತಂತಿಯನ್ನು ಹುಡುಕುವುದು ಹೇಗೆ? ಮಾವ ಕುಳಿತಲ್ಲಿಂದಲೇ, 'ಮಧ್ಯಕ್ಕೆ ಹೋಗು' ಎಂದ. ಅರ್ಧದಲ್ಲಿ ಬಿಡಿಸಿ ನೋಡಿದರೆ ದೋಷ ಆಚೆಗೋ ಈಚೆಗೋ ತಿಳಿಯುತ್ತದೆ. ಉಳಿದರ್ಧವನ್ನು ಮತ್ತೆ ಅರ್ಧ ಮಾಡಬೇಕು. 64 ಜೋಡಣೆಗಳಿದ್ದರೂ ಹೀಗೆ ಆರೇ ಪರೀಕ್ಷೆಗಳಲ್ಲಿ ದೋಷ ಸಿಗುತ್ತದೆ. ಹುಡುಗನಿಗೆ ಮೂರೇ ಸಾಕಾದವು. ಹೊಸ ಬಚ್ಚಲುಮನೆಯ ಗೋಡೆಗೆ ಅಂಟಿದ್ದ ಜಂಕ್ಷನ್ ಬಾಕ್ಸಿನಲ್ಲಿ ತೇವ ಕೂತು, ತಿರುಪುಗಳ ಸುತ್ತ ಹಸಿರು ಕಿಲುಬು ಬೆಳೆದಿತ್ತು. ಅದನ್ನು ಕೆರೆದು, ಒಣಗಿಸಿ, ಬಾಕ್ಸನ್ನು ಒಣ ಗೋಡೆಗೆ ವರ್ಗಾಯಿಸಿದ. ಹೆರಿಗೆ ವಾರ್ಡಿನಿಂದ ಡಾಕ್ಟರ ಮನೆಗೆ ಮೊದಲ ಕರೆ ಮಾಡಿದ್ದು ಆಯಾ. 'ಅಮ್ಮಾ, ಕೇಳ್ತದಾ?' ಎಂದು ಆಕೆ ಅಗತ್ಯಕ್ಕಿಂತ ಜೋರಾಗಿಯೇ ಕೂಗಿದಳು.

ಹಿಂದಿರುಗುವ ಬಸ್ಸಿನಲ್ಲಿ ಮಾವ ನರ್ಸಿಗೆ ಕೇಳಿದ ಪ್ರಶ್ನೆಯನ್ನೇ ಹುಡುಗನಿಗೂ ಕೇಳಿದ. 'ಪಾಠ ಯಾವಾಗಿನಿಂದ ಅರ್ಥ ಆಗ್ತಿಲ್ಲ? ಅದಕ್ಕೆ ಮುಂಚೆ ಏನು ಬದಲಾಯ್ತು?' ಮನೆಯಲ್ಲಿ ಯಾರೂ ಅದನ್ನು ಕೇಳಿರಲಿಲ್ಲ. ಎಷ್ಟು ಅಂಕ ಬಂತು, ಪಕ್ಕದ ಮನೆಯವನಿಗೆ ಎಷ್ಟು ಎಂಬುದನ್ನಷ್ಟೇ ಕೇಳಿದ್ದರು. ಹುಡುಗ ಬಹಳ ಹೊತ್ತಿನ ಮೇಲೆ ಹೇಳಿದ. ಎಸ್ಸೆಸ್ಸೆಲ್ಸಿಯವರೆಗೆ ಕನ್ನಡ ಮಾಧ್ಯಮ, ಫಸ್ಟ್ ಕ್ಲಾಸು. ಡಿಪ್ಲೊಮಾದ ಮೊದಲ ವರ್ಷ ಇಂಗ್ಲಿಷ್ ಪಾಠಗಳನ್ನು ಉರುಹೊಡೆದು ದಾಟಿದ್ದಾಯಿತು. ಎರಡನೆಯ ವರ್ಷ ಟ್ರಾನ್ಸಿಸ್ಟರಿನ ಬಯಾಸಿಂಗ್ ಬಂದಲ್ಲಿಂದ ಒಂದಕ್ಷರವೂ ತಲೆಗೆ ಹೋಗಲಿಲ್ಲ. ಒಮ್ಮೆ ಎದ್ದು ನಿಂತು ಕೇಳಿದಾಗ ಅವನ ಇಂಗ್ಲಿಷಿಗೆ ತರಗತಿ ನಕ್ಕಿತು. ಆಮೇಲೆ ಕೇಳುವುದನ್ನೇ ಬಿಟ್ಟ.

'ಕೈಪಂಪು ಒಣಗಿದ್ದರೆ ಏನು ಮಾಡ್ತೀಯ?' ಎಂದ ಮಾವ. 'ಮೊದಲು ಒಂದು ಚೊಂಬು ನೀರು ಹುಯ್ದು ಹೊಡೀತೇನೆ.' 'ಬಯಾಸಿಂಗ್ ಅಂದರೆ ಆ ಚೊಂಬು ನೀರು. ಟ್ರಾನ್ಸಿಸ್ಟರಿಗೆ ಮೊದಲೇ ಒಂದಿಷ್ಟು ಕೊಟ್ಟು ಕೆಲಸಕ್ಕೆ ತಯಾರಾಗಿ ಇಟ್ಟಿರ್ತಾರೆ. ಆಗ ಬಂದ ಸಣ್ಣ ಸದ್ದನ್ನೂ ಅದು ಹಿಡಿದು ದೊಡ್ಡದು ಮಾಡ್ತದೆ.' ಒಂದು ವರ್ಷ ಕಾಡಿದ್ದು ಬಸ್ಸು ಎರಡು ಸ್ಟಾಪು ದಾಟುವುದರೊಳಗೆ ತಿಳಿಯಿತು.

ಆ ವಾರದ ಕೊನೆಗೆ ಮಾವ ತಾನೇ ಹುಡುಗನನ್ನು ಮನೆಗೆ ಬಿಟ್ಟುಬಂದ. ಊಟವಾದ ಮೇಲೆ ಜೇಬಿನಿಂದ ಆ ತಾಮ್ರದ ಎಳೆಯನ್ನು ತೆಗೆದು ಮೇಜಿನ ಮೇಲಿಟ್ಟು ನರ್ಸಿಂಗ್ ಹೋಮಿನ ಕಥೆ ಹೇಳಿದ. ಕೊನೆಗೆ, 'ಭಾವ, ನಾಲ್ಕು ಗಂಟೆಗೆ ಎಬ್ಬಿಸೋದು ಬೇಡ ಅನ್ನಲ್ಲ. ಎದ್ದು ಓದೋದು ಅವನಿಗೆ ಅರ್ಥ ಆಗ್ತದಾ ಅಂತ ಒಂದು ಸಲ ಕೇಳಿ' ಎಂದ. ಅಪ್ಪ ಏನೂ ಹೇಳಲಿಲ್ಲ. ಮಾರನೆಯ ಬೆಳಿಗ್ಗೆ ರೇಡಿಯೋ ಅಟ್ಟದಿಂದ ಇಳಿದಿತ್ತು. ಮುಂದಿನ ಭಾನುವಾರ ಅವರು ಪೇಟೆಯಿಂದ ಇಂಗ್ಲಿಷ್–ಕನ್ನಡ ನಿಘಂಟೊಂದನ್ನು ತಂದು ಮಗನ ಪುಸ್ತಕಗಳ ಮೇಲಿಟ್ಟರು. ಚಳಿಗಾಲದ ಪರೀಕ್ಷೆಯಲ್ಲಿ ಆ ವಿಷಯ ಪಾಸಾಯಿತು. ಅಂಕ ಹೆಚ್ಚೇನೂ ಇರಲಿಲ್ಲ.

ಆ ಹುಡುಗನಿಗೆ ಈಗ ಐವತ್ತರ ಸಮೀಪ. ಆಫೀಸುಗಳ ಫೋನು, ಕಂಪ್ಯೂಟರು ಜಾಲಗಳನ್ನು ನೋಡಿಕೊಳ್ಳುವುದು ಅವನ ಕಸುಬು. ಮಾತು ಈಗ ಬಹಳ ಕಡೆ ಕಂಪ್ಯೂಟರಿನ ತಂತಿಯಲ್ಲೇ ಹರಿಯುತ್ತದೆ. ಗೋಡೆಯ ಮೇಲಿನ ಹಳೆಯ ಪೆಟ್ಟಿಗೆಗಳು ಎಷ್ಟೋ ಕಡೆ ಗುಜರಿಗೆ ಹೋಗಿವೆ. ಅವನು ಮಾತ್ರ ಒಂದು ಅಭ್ಯಾಸವನ್ನು ಬಿಟ್ಟಿಲ್ಲ. ರಿಪೇರಿ ಮಾಡಿದ ಪ್ರತಿ ಯಂತ್ರದ ಮುಚ್ಚಳದ ಒಳಗೆ ಒಂದು ಹೊಸ ಫ್ಯೂಸನ್ನೂ ಕನ್ನಡದಲ್ಲಿ ಬರೆದ ಒಂದು ಚೀಟಿಯನ್ನೂ ಅಂಟಿಸುತ್ತಾನೆ. ಚೀಟಿಯಲ್ಲಿ ತಾರೀಕು, ಫ್ಯೂಸಿನ ಅಳತೆ, ಹೋದ ಕಾರಣ. ಕೆಳಗೊಂದು ಸಾಲು: 'ಇದನ್ನು ಹಾಕುವ ಮೊದಲು, ಹಿಂದಿನದು ಏಕೆ ಹೋಯಿತೆಂದು ಕೇಳಿರಿ.'